ಗಾರೆಯಿಲ್ಲದ ಗೋಡೆಯ ಒಳಗೆ

ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್‌ಗೆ ಬಂದವರೆಲ್ಲ ಅಲ್ಲಿನ ಕಲ್ಲಿನ ಗೋಡೆಗಳ ಫೋಟೋ ತೆಗೆಯುತ್ತಾರೆ. ಸಿಮೆಂಟ್ ಇಲ್ಲ, ಗಾರೆ ಇಲ್ಲ, ಬರೀ ಕಲ್ಲು. ಈ ಒಂದು ರಾಷ್ಟ್ರೀಯ ಉದ್ಯಾನದಲ್ಲೇ ಇಂಥ ಗೋಡೆ 8,000 ಕಿ.ಮೀ.ಗೂ ಜಾಸ್ತಿ ಇದೆ. ನಾನಿರುವುದು ಲೀಡ್ಸ್‌ನಲ್ಲಿ. ರಜೆ ಸಿಕ್ಕಾಗ ಮಾಲಂ ಊರಿನ ಹತ್ತಿರ, ಬಿದ್ದ ಗೋಡೆ ಎತ್ತಿ ಕಟ್ಟುವವರ ಜೊತೆ ಸೇರಿಕೊಳ್ಳುತ್ತೇನೆ. ಫೋಟೋದಲ್ಲಿ ಕಾಣದ ಭಾಗ ಯಾವುದು ಅಂತ ಗೊತ್ತಾಗಿದ್ದು ಅಲ್ಲೇ.

ನೋಡಲು ಒಂದು ಗೋಡೆ, ನಿಜವಾಗಿ ಎರಡು. ಬುಡದಲ್ಲಿ ದೂರ ನಿಂತು, ಮೇಲೆ ಹೋದಂತೆ ಒಂದರ ಕಡೆಗೊಂದು ವಾಲುತ್ತವೆ. ನಡುವಿನ ಸಂದಿಗೆ ಚೂರುಗಲ್ಲು. ಇಲ್ಲಿನವರು ಅದನ್ನು ಹಾರ್ಟಿಂಗ್ ಅನ್ನುತ್ತಾರೆ. ಸಲಿಕೆಯಲ್ಲಿ ಎತ್ತಿ ಸುರಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಸುರಿಯಲೇಬಾರದು. ಪ್ರತಿ ಚೂರನ್ನೂ ಕೈಯಿಂದ ಇಟ್ಟು, ಅಲುಗಾಡದಂತೆ ಬಿಗಿ ಮಾಡಬೇಕು. ಸಡಿಲ ಬಿಟ್ಟರೆ ಚೂರುಗಳು ವರ್ಷಗಳುದ್ದಕ್ಕೂ ಕೆಳಗೆ ಜಾರುತ್ತವೆ. ಗೋಡೆ ಉಬ್ಬುತ್ತದೆ. ಒಂದು ದಿನ ಕುಸಿಯುತ್ತದೆ.

ಕಲ್ಲಿನ ಉದ್ದನೆಯ ಭಾಗ ಗೋಡೆಯ ಒಳಕ್ಕೆ ಹೋಗಬೇಕು. ಅಂದವಾದ ಉದ್ದನೆಯ ಮುಖ ಹೊರಗೆ ಕಾಣಲಿ ಅಂತ ಅಡ್ಡ ಇಟ್ಟರೆ ಹಿಡಿತ ಇರುವುದಿಲ್ಲ. ಎರಡು ಕಲ್ಲಿನ ಸಂದಿಯ ಮೇಲೆ ಒಂದು ಕಲ್ಲು ಕೂರಬೇಕು. ಸುಮಾರು ಅರ್ಧ ಎತ್ತರಕ್ಕೆ ಬಂದಾಗ ಆ ಬದಿಯಿಂದ ಈ ಬದಿಗೆ ಮುಟ್ಟುವ ಉದ್ದಕಲ್ಲುಗಳನ್ನು ಇಡುತ್ತಾರೆ. ಎರಡೂ ಗೋಡೆಯನ್ನು ಹಿಡಿದಿಡುವುದು ಅವೇ. ತುದಿಯಲ್ಲಿ ಭಾರದ ಮೇಲ್ಗಲ್ಲುಗಳ ಸಾಲು. ಮಾಲಂನದು ಸುಣ್ಣಕಲ್ಲು, ಅಡ್ಡಾದಿಡ್ಡಿ ಆಕಾರ, ಸಪಾಟು ಮುಖ ಸಿಗುವುದೇ ಅಪರೂಪ. ಅದರಲ್ಲೂ ಕಲಿಸುವ ಹಿರಿಯರು ಒಮ್ಮೆ ಎತ್ತಿದ ಕಲ್ಲನ್ನು ಕೆಳಗಿಡಲು ಬಿಡುವುದಿಲ್ಲ. ಜಾಗ ಹುಡುಕು ಅನ್ನುತ್ತಾರೆ. ಹುಡುಕಿದರೆ ಸಿಗುತ್ತದೆ!

ಇಲ್ಲಿನ ಬಹಳಷ್ಟು ಗೋಡೆ 18ನೇ ಶತಮಾನದ ಕೊನೆ, 19ನೇ ಶತಮಾನದ ಆರಂಭದವು. ಊರಿಗೆಲ್ಲ ಸೇರಿದ್ದ ಹುಲ್ಲುಗಾವಲನ್ನು ಕಾನೂನು ತಂದು ಪಾಲು ಮಾಡಿ ಬೇಲಿ ಹಾಕಿದ ಕಾಲ. ಮೇವಿನ ಹಕ್ಕು ಕಳೆದುಕೊಂಡ ಬಡವರು ಎಷ್ಟೋ. ಗೋಡೆಯ ಚೆಂದ ನೋಡುವಾಗ ಅದನ್ನೂ ನೆನೆಯಬೇಕು, ಅಲ್ವಾ?

ನಾನು ಹೊಸಪೇಟೆಯವನು. ಹಂಪಿಯ ಕೋಟೆಗೋಡೆಯೂ ಗಾರೆಯಿಲ್ಲದ್ದೇ, ಆದರೆ ರೀತಿ ಬೇರೆ. ಅಲ್ಲಿ ದೊಡ್ಡ ಗ್ರಾನೈಟ್ ದಿಮ್ಮಿಗಳನ್ನು ಒಂದಕ್ಕೊಂದು ಹೊಂದುವಂತೆ ಕೂರಿಸಿ, ಹಿಂದೆ ಮಣ್ಣು, ಕಲ್ಲುಚೂರು ತುಂಬಿದ್ದಾರೆ. ಚಿಕ್ಕಂದಿನಿಂದ ಹೊರಮುಖವನ್ನಷ್ಟೇ ನೋಡಿದ್ದೆ. ಈಗ ಊರಿಗೆ ಹೋದಾಗ ಕುಸಿದ ಜಾಗ ಹುಡುಕಿಕೊಂಡು ಹೋಗಿ ಒಳಗೆ ಇಣುಕುತ್ತೇನೆ.

ಬಿದ್ದ ಕಡೆ ಒಂದಿಷ್ಟು ಸಿಮೆಂಟ್ ಮೆತ್ತಿದರೆ ಸಾಕಲ್ಲ ಅಂತ ಗೆಳೆಯರು ಕೇಳುತ್ತಾರೆ. ಸಾಕಾಗುವುದಿಲ್ಲ. ಗಾರೆಯಿಲ್ಲದ ಗೋಡೆಯ ಸಂದಿಗಳಲ್ಲಿ ಮಳೆನೀರು ಇಳಿದು ಹೋಗುತ್ತದೆ. ನೆಲ ಸ್ವಲ್ಪ ಕುಸಿದರೆ ಕಲ್ಲುಗಳೂ ಅದರ ಜೊತೆ ಸರಿದು ಕೂರುತ್ತವೆ. ಸಿಮೆಂಟ್ ಹಾಕಿದ ಜಾಗದಲ್ಲಿ ನೀರು ನಿಂತು, ಚಳಿಗೆ ಹೆಪ್ಪುಗಟ್ಟಿ, ಬಿರುಕು ಬಿಡುತ್ತದೆ. ಬಿದ್ದ ಗೋಡೆಗೆ ಬೇಕಾದ ಕಲ್ಲು ಹೆಚ್ಚುಕಡಿಮೆ ಅದರ ಬುಡದಲ್ಲೇ ಬಿದ್ದಿರುತ್ತದೆ. ಬೇಕಾದದ್ದು ಕೈಕೆಲಸ ಬಲ್ಲವರು.

ಡೇಲ್ಸ್‌ಗೆ ಬಂದರೆ ದಯವಿಟ್ಟು ಗೋಡೆ ಹತ್ತಬೇಡಿ. ದಾಟಲು ಮೆಟ್ಟಿಲುಗಲ್ಲು, ಗೇಟು ಇರುತ್ತವೆ. ಒಂದು ಮೇಲ್ಗಲ್ಲು ಉರುಳಿದರೆ ಪಕ್ಕದ್ದೂ ಸಡಿಲವಾಗುತ್ತದೆ, ಆಮೇಲೆ ಕುರಿಗಳು ಅಲ್ಲೇ ದಾರಿ ಮಾಡಿಕೊಳ್ಳುತ್ತವೆ.