ಕೊರಳಲ್ಲಿದ್ದ ಮೈಕು

ಇವತ್ತು ಕೊರಳಲ್ಲಿದ್ದ ಮೈಕು ಆಫ್ ಮಾಡೋದು ಮರೆತು ಸ್ಟಾಫ್ ರೂಮಿಗೆ ಹೋಗಿಬಿಟ್ಟೆ. ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಅಂತ ಗೊಣಗಿದ್ದೂ ಆಯಿತು. ವಾಪಸ್ ಬಂದರೆ ಕೊನೇ ಬೆಂಚಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ. "ಮಿಸ್, ಅಷ್ಟೊಂದು ಉಪ್ಪಾಗಿತ್ತಾ?"

ನನ್ನ ಮಾತು ರೇಡಿಯೋ ಅಲೆಯಲ್ಲಿ ನೇರ ಅವಳ ಹಿಯರಿಂಗ್ ಏಡ್‌ಗೆ ಹೋಗುತ್ತದೆ. ನಡುವೆ ಗೋಡೆ ಇದ್ದರೂ!

ಕಿವಿಗೆ ಮೆಷಿನ್ ಹಾಕಿದರೆ ಎಲ್ಲಾ ಸರಿಹೋಯಿತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅದು ಫ್ಯಾನಿನ ಗರಗರ, ಬೆಂಚು ಎಳೆಯುವ ಸದ್ದನ್ನೂ ದೊಡ್ಡದು ಮಾಡುತ್ತದೆ. ಮೇಲಾಗಿ ಬಯಲಲ್ಲಿ ದೂರ ಎರಡು ಪಟ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ನಾನು ಬೋರ್ಡಿನತ್ತ ತಿರುಗಿದರೆ ತುಟಿಯೂ ಕಾಣುವುದಿಲ್ಲ. ಮೈಕು ಇದ್ದರೆ ಅವಳೆಲ್ಲೇ ಕೂತರೂ ನನ್ನ ಬಾಯಿಗೂ ಮೈಕಿಗೂ ಇರುವ ಒಂದು ಗೇಣಷ್ಟೇ ದೂರ. ಅದಕ್ಕೇ ಅಲ್ವಾ, ಇಷ್ಟು ವರ್ಷ ಮೊದಲ ಬೆಂಚಿಗೆ ಅಂಟಿಕೊಂಡಿದ್ದವಳು ಈಗ ಗೆಳತಿಯರ ಜೊತೆ ಹಿಂದೆ ಹೋಗಿ ಕೂತಿದ್ದಾಳೆ!

ಬೇರೆ ಮಕ್ಕಳ ಉತ್ತರ ಮಾತ್ರ ಅವಳಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಉತ್ತರ ಹೇಳುವವರ ಕೈಗೆ ಮೈಕು ಕೊಡುತ್ತೇನೆ. ಈಗ ಉತ್ತರ ಗೊತ್ತಿಲ್ಲದವರೂ ಸುಮ್ನೆ ಕೈ ಎತ್ತುತ್ತಿದ್ದಾರೆ.