ಪಿಟೀಲಿನೊಂದಿಗೆ ವಿಮಾನ ಹತ್ತುವವರಿಗೆ

ವಿಮಾನದಲ್ಲಿ ಪಿಟೀಲನ್ನು ಕೈಸಾಮಾನಾಗಿ ಒಯ್ಯಬಹುದೇ ಎಂದು ಕೇಳಿದರೆ ‘ಧಾರಾಳವಾಗಿ ಒಯ್ಯಿರಿ’ ಎಂಬ ಉತ್ತರವೇ ಎಲ್ಲ ಕಡೆ ಸಿಗುತ್ತದೆ. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಪೆಟ್ಟಿಗೆಗೆ ಒಳಗೆ ಜಾಗ ಸಿಗುವುದೋ ಇಲ್ಲವೋ ಎಂಬುದು ಕೊನೆಗೆ ನೀವು ಎಷ್ಟನೆಯವರಾಗಿ ವಿಮಾನದೊಳಗೆ ಕಾಲಿಡುತ್ತೀರಿ ಎನ್ನುವುದರ ಮೇಲೆ ನಿಂತಿರುತ್ತದೆ. ಇತ್ತೀಚಿನ ಪ್ರಯಾಣದಲ್ಲಿ ಹೆಚ್ಚಿನ ಹಣ ತೆತ್ತು ಮೊದಲ ಸರದಿಯಲ್ಲಿ ಹತ್ತುವ ಸೌಲಭ್ಯವನ್ನು ಕೊಂಡಿದ್ದರೂ ನಾನು ಒಳಗೆ ಹೋಗಿದ್ದು ಕೊನೆಯವರ ಜೊತೆಗೆ. ಅದು ಹೇಗಾಯಿತೆಂದು ಹೇಳುವ ಮೊದಲು ಅಳತೆಯ ವಿಷಯ ತಿಳಿದಿರಬೇಕು.

ಪೂರ್ಣ ಗಾತ್ರದ ಪಿಟೀಲು ಸುಮಾರು 60 ಸೆಂಟಿಮೀಟರ್ ಉದ್ದವಿರುತ್ತದೆ. ಕಮಾನು ಅದಕ್ಕಿಂತ ಉದ್ದವಾಗಿರುವುದರಿಂದ ಆಯತಾಕಾರದ ಪೆಟ್ಟಿಗೆ 80 ಸೆಂಟಿಮೀಟರ್‌ನ ಹತ್ತಿರಕ್ಕೆ ಬರುತ್ತದೆ. ಬಹುತೇಕ ವಿಮಾನ ಸಂಸ್ಥೆಗಳು ಕೈಸಾಮಾನಿಗೆ ಹೇಳುವ ಉದ್ದದ ಮಿತಿ 55 ಸೆಂಟಿಮೀಟರ್‌ನ ಆಸುಪಾಸಿನಲ್ಲಿದೆ. ಎಂದರೆ ಕಾಗದದ ಮೇಲಿನ ಲೆಕ್ಕದಲ್ಲಿ ಯಾವ ಪಿಟೀಲು ಪೆಟ್ಟಿಗೆಯೂ ಒಳಗೆ ಬರುವಂತಿಲ್ಲ. ಬರುತ್ತಿರುವುದು ವಾದ್ಯಗಳಿಗೆಂದು ಮಾಡಿಕೊಂಡ ವಿನಾಯಿತಿಯಿಂದ. ಈ ವಿನಾಯಿತಿ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ಪೆಟ್ಟಿಗೆಯ ಉದ್ದ, ಅಗಲ, ಎತ್ತರ, ತೂಕಗಳನ್ನು ತಿಳಿಸಿ ಲಿಖಿತ ಉತ್ತರವನ್ನೇ ಪಡೆಯಿರಿ. ಫೋನಿನಲ್ಲಿ ನನಗೆ ‘ಏನೂ ತೊಂದರೆಯಿಲ್ಲ’ ಎಂದವರ ಮಾತಿಗೆ ಚೆಕ್-ಇನ್ ಕೌಂಟರಿನಲ್ಲಿ ಕವಡೆ ಕಿಮ್ಮತ್ತೂ ಸಿಗಲಿಲ್ಲ. ಮುದ್ರಿಸಿಕೊಂಡು ಹೋಗಿದ್ದ ಮಿಂಚಂಚೆಯನ್ನು ತೋರಿಸಿದ ಮೇಲೆ ಅಳತೆಯ ಟೇಪು ಮೇಜಿನೊಳಕ್ಕೆ ಹೋಯಿತು.

ಭದ್ರತಾ ತಪಾಸಣೆಯ ಬಗ್ಗೆ ಜನರು ಹೆದರುವಷ್ಟು ಹೆದರಬೇಕಾಗಿಲ್ಲ. ಎಕ್ಸ್-ರೇಯಿಂದ ಮರಕ್ಕೂ ತಂತಿಗೂ ಏನೂ ಆಗುವುದಿಲ್ಲ. ನೋಡಬೇಕಾದದ್ದು ಬೆಲ್ಟಿನ ಆಚೆ ತುದಿಯಲ್ಲಿ: ಹಿಂದಿನಿಂದ ಜಾರಿ ಬರುವ ಭಾರದ ಟ್ರಾಲಿ ಚೀಲ ಪೆಟ್ಟಿಗೆಗೆ ಗುದ್ದದಂತೆ ನಿಮ್ಮ ಕೋಟು ಅಥವಾ ಮೆತ್ತನೆಯ ಚೀಲವಿರುವ ಟ್ರೇಯನ್ನು ಪೆಟ್ಟಿಗೆಯ ಹಿಂದೆ ಇಡಿ. ತೆರೆದು ತೋರಿಸಲು ಹೇಳಿದರೆ ‘ನಾನೇ ತೆಗೆಯುತ್ತೇನೆ’ ಎಂದು ನಯವಾಗಿ ಕೇಳಿಕೊಳ್ಳಿ. ಕೈಗವಸು ತೊಟ್ಟ ಸಿಬ್ಬಂದಿಯೊಬ್ಬರ ಬೆರಳು ನೇರವಾಗಿ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ) ಕಡೆಗೇ ಹೋಗಿದ್ದನ್ನು ನಾನು ಕಂಡಿದ್ದೇನೆ. ವಾದ್ಯದ ಪರಿಚಯವಿಲ್ಲದವರಿಗೆ ಹಿಡಿಯಲು ಅನುಕೂಲವಾಗಿ ಕಾಣುವುದು ಅದೇ. ತಂತಿ ಕತ್ತರಿಸುವ ಇಕ್ಕಳ, ಕತ್ತರಿ, ಸ್ಕ್ರೂಡ್ರೈವರುಗಳನ್ನು ಪೆಟ್ಟಿಗೆಯ ಜೇಬಿನಿಂದ ತೆಗೆದು ಚೆಕ್-ಇನ್ ಸಾಮಾನಿಗೆ ಹಾಕಿ. ಎಲೆಕ್ಟ್ರಾನಿಕ್ ತಂಬೂರಿಯ ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಮಾತ್ರ ಇದಕ್ಕೆ ಉಲ್ಟಾ: ಅವು ನಿಮ್ಮ ಜೊತೆಗೇ ಇರಬೇಕು, ವಿಮಾನದ ಹೊಟ್ಟೆಗೆ ಹೋಗಕೂಡದು.

ಇನ್ನು ನನ್ನನ್ನು ಕೊನೆಯವರ ಜೊತೆ ಸೇರಿಸಿದ ಬಸ್ಸಿನ ಕಥೆ. ಮೊದಲ ಸರದಿಯವರನ್ನು ಕರೆದಾಗ ನಾನು ಮುಂದೆಯೇ ನಿಂತಿದ್ದೆ. ಆದರೆ ಗೇಟಿನ ಆಚೆ ವಿಮಾನವಿರಲಿಲ್ಲ, ದೂರದಲ್ಲಿ ನಿಂತಿದ್ದ ವಿಮಾನಕ್ಕೆ ಒಯ್ಯುವ ಬಸ್ಸಿತ್ತು. ಮೊದಲು ಹತ್ತಿದವರನ್ನೆಲ್ಲ ಒಳಗೆ ಸರಿಯಿರಿ ಎಂದು ಬಾಗಿಲಿನ ಎದುರು ಬದಿಯ ಗೋಡೆಗೆ ಒತ್ತಿದರು. ಪೆಟ್ಟಿಗೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಒಂದು ಕೈಯಲ್ಲಿ ಕಂಬ ಹಿಡಿದು, ಉಸಿರಾಡಲೂ ಜಾಗವಿಲ್ಲದಷ್ಟು ಜನ ತುಂಬುವವರೆಗೆ ಕಾದೆವು. ಕೊನೆಗೆ ಓಡುತ್ತ ಬಂದವರು ಬಾಗಿಲಿಗೆ ಆತುಕೊಂಡು ನಿಂತರು. ವಿಮಾನದ ಬಳಿ ಬಾಗಿಲು ತೆರೆದಾಗ ಮೊದಲು ಇಳಿದವರು ಅವರೇ. ನಾನು ಮೆಟ್ಟಿಲು ತಲುಪುವಷ್ಟರಲ್ಲಿ ಅಲ್ಲಿದ್ದ ಸಿಬ್ಬಂದಿ ಟ್ಯಾಗಿನ ಸುರುಳಿ ಹಿಡಿದು ಉಳಿದವರ ಚೀಲಗಳನ್ನು ಕೆಳಗೆ ಕಳಿಸುತ್ತಿದ್ದರು. ಮೊದಲ ಸರದಿಗೆಂದು ಹಣ ಪಡೆಯುವ ಸಂಸ್ಥೆ ಬಸ್ಸಿನಲ್ಲಿ ಆ ಸರದಿ ತಲೆಕೆಳಗಾಗುತ್ತದೆಂದು ಹೇಳದೇ ಇರುವುದು ನನ್ನ ದೃಷ್ಟಿಯಲ್ಲಿ ಮೋಸವೇ ಸರಿ. ಟಿಕೆಟ್ ಕೊಂಡಾಗ ದೊಡ್ಡ ವಿಮಾನವನ್ನು ತೋರಿಸಿ, ಹೊರಡುವ ಹೊತ್ತಿಗೆ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನವನ್ನು ನಿಲ್ಲಿಸಿದ್ದೂ ಅದೇ ಸಂಸ್ಥೆ.

ಅಲ್ಲಿ ಕಲಿತದ್ದನ್ನು ಹೀಗೆ ಹೇಳಬಹುದು: ಬಸ್ಸಿದ್ದರೆ ಮೊದಲ ಬಸ್ಸನ್ನೇ ಹತ್ತಬೇಕು, ಆದರೆ ಅದನ್ನು ಹತ್ತುವವರಲ್ಲಿ ಕೊನೆಯವರಾಗಿ, ಬಾಗಿಲ ಪಕ್ಕದಲ್ಲೇ ನಿಲ್ಲಬೇಕು. ಮುಂದೆ ಹಿಂದೆ ಎರಡೂ ಕಡೆ ಮೆಟ್ಟಿಲು ಹಾಕಿದ್ದರೆ ಹಿಂದಿನ ಸಾಲಿನ ಸೀಟು ಪಡೆದವರಿಗೆ ಅನುಕೂಲ ಹೆಚ್ಚು. ಎಲ್ಲಕ್ಕಿಂತ ಮುಂದಿನ ಸಾಲನ್ನು ಬಿಟ್ಟುಬಿಡಿ. ಎದುರಿಗೆ ಸೀಟಿಲ್ಲದ ಕಾರಣ ಅಲ್ಲಿಯವರ ಸಣ್ಣ ಚೀಲಗಳೂ ಮೇಲಿನ ಗೂಡಿಗೇ ಏರುತ್ತವೆ. ಏರ್‌ಬಸ್ ಎ320, ಬೋಯಿಂಗ್ 737 ಬಗೆಯ ವಿಮಾನಗಳ ಗೂಡಿನಲ್ಲಿ ಪಿಟೀಲು ಪೆಟ್ಟಿಗೆ ಉದ್ದಕ್ಕೆ ಸಲೀಸಾಗಿ ಮಲಗುತ್ತದೆ. ಸಣ್ಣ ಪ್ರೊಪೆಲ್ಲರ್ ವಿಮಾನಗಳಲ್ಲಿ ಆ ಭರವಸೆ ಇಲ್ಲ. ಬೇರೆ ವಿಮಾನ ಸಿಗುವಂತಿದ್ದರೆ ಬೆಳಗಿನ ಜಾವ ಏಳಬೇಕಾದರೂ ಅದನ್ನೇ ಆರಿಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ; ನೂಕುನುಗ್ಗಲನ್ನು ಸಹಿಸಿಕೊಳ್ಳುವ ಶಕ್ತಿ ನನಗೆ ಕಡಿಮೆ.

ಆ ದಿನ ವಾದ್ಯ ಉಳಿದದ್ದು ಗಗನಸಖಿಯೊಬ್ಬರ ತಾಳ್ಮೆಯಿಂದ. ಅವರು ಪೆಟ್ಟಿಗೆಯನ್ನೊಮ್ಮೆ ನೋಡಿ, ಗೂಡಿನಲ್ಲಿದ್ದ ಎರಡು ಕೈಚೀಲಗಳನ್ನು ಒಡೆಯರ ಒಪ್ಪಿಗೆ ಕೇಳಿ ಸೀಟಿನ ಕೆಳಗೆ ಇಡಿಸಿ, ಮಡಚಿದ ಕೋಟುಗಳ ಮೇಲೆ ಪೆಟ್ಟಿಗೆಯನ್ನು ಮಲಗಿಸಿದರು. ಅದು ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ನಾನು ಒಯ್ದ ಅಗ್ಗದ ಪೆಟ್ಟಿಗೆ. ಮನೆಯಲ್ಲಿರುವ ಭಾರವಾದ ಆಯತಾಕಾರದ ಪೆಟ್ಟಿಗೆಯನ್ನು ಬಿಟ್ಟು, ಪಿಟೀಲಿನ ಮೈಯನ್ನೇ ಅನುಸರಿಸಿ ಒಂದು ಕಡೆ ಕಿರಿದಾಗುವ, ಬೆನ್ನಿಗೆ ಹಾಕಿಕೊಳ್ಳಲು ಪಟ್ಟಿಗಳಿರುವ ಫೋಮ್ ಪೆಟ್ಟಿಗೆಯನ್ನು ಆರಿಸಿಕೊಂಡಿದ್ದೆ. ಉದ್ದ ಹೆಚ್ಚೇನೂ ಕಡಿಮೆಯಾಗದಿದ್ದರೂ ಅದು ಹಗುರ, ಅದರ ಕಿರಿದಾದ ತುದಿಯ ಪಕ್ಕದಲ್ಲಿ ಇನ್ನೊಬ್ಬರ ಚೀಲಕ್ಕೆ ಜಾಗವುಳಿಯುತ್ತದೆ, ಬೆನ್ನ ಮೇಲಿದ್ದಾಗ ಗೇಟಿನವರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ಜಿಪ್ ಗಟ್ಟಿಯಾಗಿತ್ತು, ಒಳಗಿನ ಮೆತ್ತೆ ಕುತ್ತಿಗೆಯ ಕೆಳಗೆ ಸರಿಯಾಗಿ ಕೂರುತ್ತಿತ್ತು. ಪ್ರಯಾಣಕ್ಕೆ ದುಬಾರಿ ಪೆಟ್ಟಿಗೆ ಬೇಕೆನ್ನುವವರು ಒಮ್ಮೆ ಇಂಥದನ್ನು ಹಿಡಿದು ನೋಡಬೇಕು.

ಕಾನೂನಿನ ಬಲ ಎಷ್ಟಿದೆಯೆಂದೂ ತಿಳಿದಿರಲಿ. ಅಮೆರಿಕದ ವಿಮಾನ ಸಂಸ್ಥೆಗಳು 2012ರ ಕಾಯ್ದೆ ಹಾಗೂ 2015ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಪಿಟೀಲಿನಂಥ ಸಣ್ಣ ವಾದ್ಯವನ್ನು ಪ್ರತ್ಯೇಕ ಶುಲ್ಕವಿಲ್ಲದೆ ಕೈಸಾಮಾನಾಗಿ ಒಪ್ಪಿಕೊಳ್ಳಲೇಬೇಕು. ಆದರೆ ಹತ್ತುವ ಹೊತ್ತಿಗೆ ಸುರಕ್ಷಿತವಾಗಿ ಇಡಲು ಜಾಗವಿದ್ದರೆ ಮಾತ್ರ ಎಂಬ ಷರತ್ತು ಅಲ್ಲೂ ಇದೆ. ಜಾಗ ಸಿಗದೆ ಪೆಟ್ಟಿಗೆ ಕೆಳಗೆ ಹೋಗಿ ಹಾಳಾದರೆ, ವಿಮಾನ ಸಂಸ್ಥೆಗಳ ಹೊಣೆಯನ್ನು ಗೊತ್ತುಮಾಡುವ ಮಾಂಟ್ರಿಯಲ್ ಒಪ್ಪಂದಕ್ಕೆ ಒಳಪಟ್ಟ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನ್ಯವಾಗಿ ಸಿಗಬಹುದಾದ ಗರಿಷ್ಠ ಪರಿಹಾರ, 2024ರ ಡಿಸೆಂಬರ್ 28ರಿಂದ, ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ). ಅದು ನಿಮ್ಮ ಸಾಮಾನುಗಳಿಗೆಲ್ಲ ಸೇರಿದ ಮೊತ್ತ; ಒಳ್ಳೆಯ ಪಿಟೀಲಿಗೆ ಅದು ಸಾಲುವುದಿಲ್ಲ. ವಿಮೆ ಮಾಡಿಸಿದ್ದರೆ ಕೆಳಗೆ ಕಳಿಸಿದ ವಾದ್ಯಕ್ಕೂ ಅದು ಅನ್ವಯಿಸುವುದೇ ಎಂದು ಓದಿಕೊಳ್ಳಿ. ಕಳಿಸಲೇಬೇಕಾಗಿ ಬಂದರೆ ಬ್ಯಾಟರಿಗಳನ್ನು ತೆಗೆದುಕೊಂಡು, ಸಿಬ್ಬಂದಿಯ ಎದುರಿನಲ್ಲೇ ವಾದ್ಯದ ಮತ್ತು ಟ್ಯಾಗಿನ ಚಿತ್ರ ತೆಗೆದು, ಇಳಿಯುವಾಗ ವಿಮಾನದ ಬಾಗಿಲಲ್ಲೇ ಮರಳಿ ಕೊಡುವಂತೆ ಕೇಳಿ.

ಗಡಿ ದಾಟುವವರು ವಾದ್ಯ ಯಾವುದರಿಂದ ಮಾಡಿದ್ದೆಂದೂ ಯೋಚಿಸಬೇಕು. ಹಳೆಯ ಕಮಾನಿನ ತುದಿಯಲ್ಲಿ ಆನೆಯ ದಂತವೋ ಹಿಡಿಯ ಬಳಿ ಆಮೆಚಿಪ್ಪೋ ಇರಬಹುದು. ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದಡಿ ಅವಕ್ಕೆ ಅನುಮತಿ ಪತ್ರ ಬೇಕಾಗುತ್ತದೆ. ಉಡದ ಚರ್ಮದ ಖಂಜಿರವನ್ನಂತೂ ಮನೆಯಲ್ಲೇ ಬಿಟ್ಟು, ಮೇಕೆಯ ಚರ್ಮದ್ದನ್ನೋ ಕೃತಕ ಹೊದಿಕೆಯದ್ದನ್ನೋ ಒಯ್ಯಿರಿ.

ಹಾರುವಾಗ ವಾದ್ಯವನ್ನು ಕಾಡುವುದು ಗಾಳಿಯ ಒಣತನ; ಒಳಗಿನ ತೇವಾಂಶ ಶೇ. 20ಕ್ಕೂ ಕೆಳಗಿಳಿಯುವುದು ಸಾಮಾನ್ಯ. ಮರ ಕುಗ್ಗಿ, ತಂತಿ ಬಿಗಿಯುವ ಬಿರಡೆಗಳು ಜಾರುತ್ತವೆ. ತಂತಿಗಳನ್ನು ಒಂದೆರಡು ಸ್ವರಸ್ಥಾನ ಇಳಿಸಿದರೆ ಸಾಕು. ಪೂರ್ತಿ ಸಡಿಲಿಸಿದರೆ ಕುದುರೆ ಬೀಳುತ್ತದೆ, ಒತ್ತಡವಿಲ್ಲದೆ ಪಿಟೀಲಿನೊಳಗೆ ನಿಲ್ಲಿಸಿರುವ ಸಣ್ಣ ಮರದ ಕಡ್ಡಿ, ಅಂದರೆ ಸೌಂಡ್ ಪೋಸ್ಟೂ ಉರುಳಬಹುದು. ಕಮಾನಿನ ಕೂದಲನ್ನು ಮಾತ್ರ ಚೆನ್ನಾಗಿ ಸಡಿಲಿಸಿ. ತಲುಪಿದ ಮೇಲೆ ಪೆಟ್ಟಿಗೆಯನ್ನು ಕೆಲವು ಗಂಟೆ ಮುಚ್ಚಿಯೇ ಇಟ್ಟು, ಆಮೇಲೆ ಕುದುರೆ ಮುಂದಕ್ಕೆ ವಾಲಿದೆಯೇ ಎಂದು ನೋಡುತ್ತ ನಿಧಾನವಾಗಿ ಶ್ರುತಿಗೆ ತನ್ನಿ. ವಾದ್ಯ ಕೆಳಗೆ ಹೋಗಿ ಬಂದದ್ದಾದರೆ ಇಷ್ಟು ಕಾಯದೆ ನಿಲ್ದಾಣ ಬಿಡುವ ಮೊದಲೇ ಮುಚ್ಚಳ ತೆರೆದು ಪರೀಕ್ಷಿಸಿ. ಹಾನಿಯಾಗಿದ್ದರೆ ದೂರನ್ನು ಅಲ್ಲೇ ಲಿಖಿತವಾಗಿ ಕೊಡಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅದಕ್ಕಿರುವ ಅವಧಿ ಸಾಮಾನು ಕೈಗೆ ಬಂದ ದಿನದಿಂದ 7 ದಿನ ಮಾತ್ರ.