ತಲೆ ತಗ್ಗಿಸಿ ನೋಡುವ ಕ್ಯಾಮೆರಾ

ಹಳೆಯ ಫಿಲ್ಮ್ ಕ್ಯಾಮೆರಾ ಹಿಡಿದವರೆಲ್ಲ ಒಂದು ಮಾತನ್ನು ತಪ್ಪದೇ ಹೇಳುತ್ತಾರೆ, ಇದು ತಾಳ್ಮೆ ಕಲಿಸುತ್ತದೆ ಅಂತ. ನನಗಂತೂ ಅದು ಕಲಿಸಿದ್ದು ಜಿಪುಣತನ. ರೋಲಿಗೆ ಹನ್ನೆರಡೇ ಚಿತ್ರ ಅಂದಮೇಲೆ ಚೆಂದ ಕಂಡದ್ದಕ್ಕೆಲ್ಲ ಕೈ ಹೋಗುವುದಿಲ್ಲ. ‘ಇರಲಿ, ಮುಂದೆ ಇದಕ್ಕಿಂತ ಒಳ್ಳೆಯದು ಸಿಕ್ಕೀತು’ ಅಂತ ಉಳಿಸಿಕೊಳ್ಳುತ್ತಾ ಹೋಗುತ್ತೇನೆ, ಆ ಒಳ್ಳೆಯದು ಸಿಗುವಷ್ಟರಲ್ಲಿ ಬೆಳಕೇ ಹೋಗಿರುತ್ತದೆ. ತಾಳ್ಮೆ ಇರುವವರು ಮೊಬೈಲಿನಲ್ಲೂ ತಾಳ್ಮೆಯಿಂದ ತೆಗೆಯುತ್ತಾರೆ, ಇಲ್ಲದವರು ಇದರಲ್ಲೂ ಗಡಿಬಿಡಿ ಮಾಡುತ್ತಾರೆ. ನಾನು ಈ ಭಾರದ ಪೆಟ್ಟಿಗೆ ಹೊತ್ತು ತಿರುಗುವ ಕಾರಣ ಬೇರೆಯೇ ಇದೆ. ಒಂದು ಭಾನುವಾರದ ಕಥೆ ಹೇಳಿದರೆ ಅದು ತಾನಾಗಿಯೇ ಗೊತ್ತಾಗುತ್ತದೆ.

ನನ್ನದು 1960ರ ದಶಕದ ಟ್ವಿನ್ ಲೆನ್ಸ್ ಕ್ಯಾಮೆರಾ. ಕುತ್ತಿಗೆಗೆ ನೇತುಹಾಕಿಕೊಂಡರೆ ಹೊಟ್ಟೆಯ ಹತ್ತಿರ ಬಂದು ಕೂರುತ್ತದೆ. ಮುಂದುಗಡೆ ಒಂದರ ಮೇಲೊಂದು ಎರಡು ಲೆನ್ಸು. ಮೇಲಿನದು ನಾವು ನೋಡಲಿಕ್ಕೆ, ಕೆಳಗಿನದು ಫಿಲ್ಮು ನೋಡಲಿಕ್ಕೆ. ಮೇಲಿನ ಲೆನ್ಸಿನಿಂದ ಬಂದ ಬೆಳಕು ಒಳಗೆ ಓರೆಯಾಗಿ ಕೂರಿಸಿದ ಕನ್ನಡಿಗೆ ಬಡಿದು, ಮೇಲಕ್ಕೆ ತಿರುಗಿ, ಗ್ರೌಂಡ್ ಗ್ಲಾಸ್ ಅನ್ನುವ ಮಂಜುಗಾಜಿನ ಮೇಲೆ ಬಿಂಬವಾಗುತ್ತದೆ. ಮುಚ್ಚಳ ತೆಗೆದು, ತಲೆ ತಗ್ಗಿಸಿ, ಬಾವಿಯೊಳಗೆ ಇಣುಕಿದ ಹಾಗೆ ನೋಡಬೇಕು. ಬಿಂಬ ನೆಟ್ಟಗೇ ಇರುತ್ತದೆ, ಆದರೆ ಎಡ ಬಲ ಅದಲು ಬದಲು. ಈ ವಿನ್ಯಾಸವನ್ನು ರೋಲ್‌ಫಿಲ್ಮಿಗೆ ಇಳಿಸಿ ಜಗತ್ತಿಗೆಲ್ಲ ಹಬ್ಬಿಸಿದ್ದು 1929ರಲ್ಲಿ ಬಂದ ಜರ್ಮನಿಯ ರೋಲಿಫ್ಲೆಕ್ಸ್. ಆಮೇಲೆ ಜಪಾನಿನಲ್ಲಿ, ಚೀನಾದಲ್ಲಿ, ಸೋವಿಯತ್ ಒಕ್ಕೂಟದಲ್ಲಿ ಅದರ ದಾಯಾದಿಗಳು ಸಾಲುಸಾಲಾಗಿ ಹುಟ್ಟಿಕೊಂಡವು.

ಇವುಗಳೊಳಗೆ ಹೋಗುವ 120 ಫಿಲ್ಮು ಕ್ಯಾಮೆರಾಗಳಿಗಿಂತಲೂ ಹಳೆಯದು. 1901ರಲ್ಲಿ ಕೊಡ್ಯಾಕ್ ತನ್ನ ಬ್ರೌನಿ ಪೆಟ್ಟಿಗೆ ಕ್ಯಾಮೆರಾಕ್ಕಾಗಿ ಮಾಡಿದ್ದು, ಇವತ್ತಿಗೂ ಹೊಸದಾಗಿ ತಯಾರಾಗಿ ಬರುತ್ತಿದೆ. ಅದರ ಜೊತೆ ಹುಟ್ಟಿದ ಎಷ್ಟೋ ಅಳತೆಯ ಫಿಲ್ಮುಗಳು ಹೆಸರಿಲ್ಲದೆ ಹೋದವು. ನನ್ನ ಕ್ಯಾಮೆರಾದ ಚೌಕ ನೆಗೆಟಿವ್‌ಗೆ ಆರು ಸೆಂಟಿಮೀಟರ್ ಅಂತ ಹೆಸರಿದ್ದರೂ ನಿಜವಾದ ಅಳತೆ 56 ಮಿಲಿಮೀಟರ್. ಅಷ್ಟಾದರೂ ಮಾಮೂಲಿ 35 ಎಂಎಂ ನೆಗೆಟಿವ್‌ನ ಮೂರೂವರೆ ಪಟ್ಟಿಗಿಂತ ಹೆಚ್ಚು ಜಾಗ ಸಿಗುತ್ತದೆ. ಒದ್ದೆ ನೆಗೆಟಿವ್ ಅನ್ನು ಬೆಳಕಿಗೆ ಹಿಡಿದಾಗ ಭೂತಗನ್ನಡಿ ಇಲ್ಲದೆಯೇ ಮುಖಗಳು ಗುರುತು ಸಿಗುತ್ತವೆ. ಆ ಸುಖವನ್ನು ಅನುಭವಿಸಿಯೇ ನೋಡಬೇಕು.

ಅವತ್ತು ಸೂರ್ಯ ಹುಟ್ಟುವುದಕ್ಕೆ ಮುಂಚೆಯೇ ಹೊರಟೆ. ನದಿಯ ಹಳೇ ಸೇತುವೆ, ಅದರಾಚೆಯ ಪಾರ್ಕು, ಇಷ್ಟೇ ಯೋಜನೆ. ಸೇತುವೆಯ ಕಟ್ಟೆಯ ಮೇಲೆ ಕೂತು ರೋಲು ಹಾಕಿದೆ. 120ಕ್ಕೆ ಡಬ್ಬಿ ಇರುವುದಿಲ್ಲ, ಪಕ್ಕದಲ್ಲಿ ತೂತುಗಳೂ ಇಲ್ಲ, ಹಿಂದೆ ಒಂದು ಕಾಗದದ ಪಟ್ಟಿ ಅಷ್ಟೇ. ಕಾಗದದ ತುದಿಯನ್ನು ಖಾಲಿ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಹೆಬ್ಬೆರಳಿನಿಂದ ಬಿಗಿ ಹಿಡಿದು ಸುತ್ತುತ್ತಾ, ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದ ಚುಕ್ಕೆಗೆ ಎದುರಾದಾಗ ಹಿಂದಿನ ಬಾಗಿಲು ಮುಚ್ಚಬೇಕು. ಬಿಗಿ ತಪ್ಪಿದರೆ ರೋಲು ದಪ್ಪಗೆ ಉಬ್ಬಿ ಅಂಚಿನಿಂದ ಬೆಳಕು ಕುಡಿಯುತ್ತದೆ. ರೋಲು ಮುಗಿದ ಮೇಲೆ ಉಳಿಯುವ ಖಾಲಿ ಸ್ಪೂಲೇ ಮುಂದಿನ ರೋಲಿಗೆ ಸುತ್ತುವ ಸ್ಪೂಲು. ಹಾಗಾಗಿ ಈಗ ನನ್ನ ಕ್ಯಾಮೆರಾದಲ್ಲಿರುವ ಸ್ಪೂಲು ಹಿಂದಿನ ರೋಲಿನದು, ಅದಕ್ಕೂ ಹಿಂದಿನದು ಲ್ಯಾಬಿಗೋ ಡ್ರಾಯರಿಗೋ ಹೋಗಿದೆ. ಹಳೇ ಕ್ಯಾಮೆರಾ ಕೊಳ್ಳುವವರು ಲೆನ್ಸಿನೊಳಗೆ ಫಂಗಸ್ ಇದೆಯಾ ಅಂತ ನೋಡುವಷ್ಟೇ ಶ್ರದ್ಧೆಯಿಂದ ಒಳಗೊಂದು ಖಾಲಿ ಸ್ಪೂಲು ಇದೆಯಾ ಅಂತಲೂ ನೋಡಿಕೊಳ್ಳಬೇಕು.

ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಲೈಟ್ ಮೀಟರ್ ಸತ್ತು ಎಷ್ಟು ವರ್ಷವಾಯಿತೋ. ನನಗೆ ಅದರ ಕೊರತೆ ಕಂಡಿಲ್ಲ. ಬಿಸಿಲು ನೇರ ಬಿದ್ದಿದ್ದರೆ ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿ, ಎಫ್/16ರಷ್ಟು ಚಿಕ್ಕದು. ಶಟರ್ ವೇಗ ಫಿಲ್ಮಿನ ಐಎಸ್ಒ ಸಂಖ್ಯೆಯ (ಬೆಳಕಿಗೆ ಫಿಲ್ಮು ಎಷ್ಟು ಚುರುಕು ಅನ್ನುವ ಲೆಕ್ಕದ) ಆಸುಪಾಸು. 400ರ ಫಿಲ್ಮಿಗೆ 1/500 ಸೆಕೆಂಡು. ತೆಳು ಮೋಡಕ್ಕೆ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು ಬರುವಷ್ಟು, ತೆರೆ, ಮೋಡ ಕವಿದಿದ್ದರೆ ಇನ್ನೊಂದು. ಅನುಮಾನ ಬಂದರೆ ಬೆಳಕು ಹೆಚ್ಚಾಗುವ ಕಡೆಗೇ ವಾಲಬೇಕು. ನೆಗೆಟಿವ್ ಫಿಲ್ಮು ಹೆಚ್ಚಾದ ಬೆಳಕನ್ನು ಹೇಗೋ ಸಹಿಸಿಕೊಳ್ಳುತ್ತದೆ, ಕಡಿಮೆಯಾದರೆ ಮಾತ್ರ ನೆರಳಿನೊಳಗೆ ಏನೂ ಉಳಿಯುವುದಿಲ್ಲ.

ಆದರೆ ಸೂರ್ಯನೇ ಬರದ ಹೊತ್ತಿಗೆ ಈ ಲೆಕ್ಕ ನಡೆಯುವುದಿಲ್ಲ. ಮೊಬೈಲಿನ ಮೀಟರು ಒಂದು ಸೆಕೆಂಡು ಅಂದಿತು. ಟ್ರೈಪಾಡ್ ಹೂಡಿ, ಶಟರನ್ನು ಒಂದು ಸೆಕೆಂಡಿಗಿಟ್ಟು, ಕ್ಯಾಮೆರಾ ಅಲುಗದಿರಲೆಂದು ಸಿಕ್ಕಿಸಿದ ಕೇಬಲ್‌ನ ಗುಂಡಿ ಒತ್ತಿದೆ. ಝ್ಝ್ ಅಂತ ಸುರುವಾದ ಸದ್ದು ಅರ್ಧದಲ್ಲೇ ಸತ್ತುಹೋಯಿತು. ಮುಂದಿನಿಂದ ಬಗ್ಗಿ ನೋಡಿದರೆ ಶಟರಿನ ಎಲೆಗಳು ಬಾಯಿ ತೆರೆದುಕೊಂಡೇ ನಿಂತಿವೆ. ಅಂಗೈಯಿಂದ ಲೆನ್ಸು ಮುಚ್ಚಿ ಕಾದೆ. ತುಸು ಹೊತ್ತಿನ ಮೇಲೆ ಅದಕ್ಕೇ ಮನಸ್ಸು ಬಂದು ಟಪ್ ಅಂತ ಮುಚ್ಚಿಕೊಂಡಿತು.

ಈ ವಯಸ್ಸಿನ ಲೀಫ್ ಶಟರುಗಳಿಗೆಲ್ಲ ಇದು ಬರುವ ಕಾಯಿಲೆ. ವೇಗ ಕಡಿಮೆಯಿದ್ದಾಗ ಶಟರನ್ನು ತಡೆದು ಹಿಡಿಯುವುದು ಪುಟ್ಟ ಹಲ್ಲುಚಕ್ರಗಳ ಒಂದು ಸಾಲು. ದಶಕಗಳ ಹಿಂದೆ ಹಾಕಿದ ಎಣ್ಣೆ ಒಣಗಿ ಅಂಟಾಗಿ ಅಲ್ಲಿ ಹಿಡಿದುಕೊಳ್ಳುತ್ತದೆ. ಚಳಿಯಿದ್ದರೆ ಇನ್ನೂ ಹೆಚ್ಚು. ಹತ್ತಿಪ್ಪತ್ತು ಸಲ ಸುಮ್ಮನೆ ಹೊಡೆದರೆ ಕೆಲವೊಮ್ಮೆ ಸಡಿಲವಾಗುತ್ತದೆ ನಿಜ. ಆದರೆ ನನ್ನ ಕ್ಯಾಮೆರಾದಲ್ಲಿ ಕ್ರಾಂಕ್ ತಿರುಗಿಸಿ ಫಿಲ್ಮು ಮುಂದೆ ಸಾಗಿಸಿದರೆ ಮಾತ್ರ ಶಟರು ಮತ್ತೆ ಸಜ್ಜಾಗುವುದು. ವ್ಯಾಯಾಮ ಮಾಡಿಸಲು ಹೋದರೆ ರೋಲೇ ಖಾಲಿ! ಕೊನೆಗೆ ‘ಬಿ’ಗೆ ತಿರುಗಿಸಿದೆ. ‘ಬಿ’ಯಲ್ಲಿ ಆ ಹಲ್ಲುಚಕ್ರಗಳಿಗೆ ಕೆಲಸವಿಲ್ಲ. ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುತ್ತದೆ, ಬಿಟ್ಟರೆ ಮುಚ್ಚುತ್ತದೆ. ಒಂದು ಸೆಕೆಂಡನ್ನು ಬಾಯಲ್ಲೇ ಎಣಿಸಿ ಬಿಟ್ಟೆ.

“ಏನಮ್ಮಾ, ಸರ್ವೇನಾ? ಸೇತುವೆ ಒಡೀತಾರಾ?”

ವಾಕಿಂಗ್ ಬಂದಿದ್ದ ಹಿರಿಯರೊಬ್ಬರು, ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದರು. ಕ್ಯಾಮೆರಾ ಸಾರ್ ಅಂದೆ. ಹತ್ತಿರ ಬಂದು ನೋಡಿ, “ಓ, ಇದಾ! ನನ್ನ ಮದುವೇಲಿ ಇಂಥದ್ದನ್ನೇ ತಂದಿದ್ದ. ಇನ್ನೂ ನಡೆಯುತ್ತಾ?” ಅಂದರು. ಈಗಷ್ಟೇ ಅದು ಕೈಕೊಟ್ಟಿತ್ತು. ನಡೆಯುತ್ತೆ ಅಂತಲೇ ಹೇಳಿದೆ. ಅವರು ಪಾರ್ಕಿನ ಕಡೆ ನಡೆದರು.

ಪಾರ್ಕಿನಲ್ಲಿ ನನ್ನನ್ನು ಹಿಡಿದದ್ದು ಮಕ್ಕಳು. ಸೈಕಲ್ ಕಲಿಯುತ್ತಿದ್ದ ಹುಡುಗನನ್ನು ಹಿಂಬಾಲಿಸಿ ತೆಗೆಯೋಣ ಅಂತ ಹೋದೆ. ಗಾಜಿನಲ್ಲಿ ಅವನು ಎಡಕ್ಕೆ ಓಡಿದರೆ ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಬೇಕು. ತಲೆಗೆ ಗೊತ್ತಿರುವ ಈ ವಿಷಯ ಕೈಗೆ ಸಮಯಕ್ಕೆ ಸರಿಯಾಗಿ ತಲುಪುವುದೇ ಇಲ್ಲ. ನಾನು ಹೀಗೆ ಸುತ್ತುತ್ತಿರುವುದನ್ನು ನೋಡಿ ಇಬ್ಬರು ಹುಡುಗಿಯರು ಬಂದು ಪಕ್ಕದಲ್ಲಿ ನಿಂತರು. “ಆಂಟಿ, ಅದ್ರೊಳಗೇನಿದೆ?” ಬಗ್ಗಿ ನೋಡು ಅಂದೆ. ದೊಡ್ಡವಳು ಗಾಜಿನ ಸುತ್ತ ನಿಲ್ಲುವ ಹುಡ್‌ಗೆ ಮುಖ ಒತ್ತಿ, “ಅಯ್ಯೋ, ಟೀವಿ ಕಣೇ!” ಅಂತ ಕಿರುಚಿದಳು. ಚಿಕ್ಕವಳನ್ನು ಎದುರಿಗೆ ಓಡಿಸಿದಳು. ತಾನು ನಿರ್ದೇಶಕಿಯಾದಳು. “ಸ್ವಲ್ಪ ಆ ಕಡೆ ಹೋಗು... ಇನ್ನೂ ಸ್ವಲ್ಪ... ಏ, ಆ ಕಡೆ ಅಂದ್ರೆ ಆ ಕಡೆ!” ಗಾಜಿನಲ್ಲಿ ಕಂಡ ದಿಕ್ಕಿಗೆ ಕೈ ತೋರಿಸಿದರೆ ತಂಗಿ ಚೌಕದಿಂದ ಹೊರಗೇ ಹೋಗುತ್ತಿದ್ದಳು. ಜಗಳವಾಯಿತು. ಹನ್ನೆರಡರಲ್ಲಿ ಎರಡು ಅಲ್ಲೇ ಖರ್ಚಾದವು, ಜಿಪುಣತನ ನೆನಪಾಗಲೇ ಇಲ್ಲ.

ನಾನು ಹೇಳಹೊರಟ ಕಾರಣ ಇಲ್ಲಿದೆ. ಕಣ್ಣಿಗೆ ಹಿಡಿಯುವ ಕ್ಯಾಮೆರಾ ಎತ್ತಿದ ತಕ್ಷಣ ಎದುರಿಗಿರುವವರು ಬದಲಾಗುತ್ತಾರೆ. ಬೆನ್ನು ನೆಟ್ಟಗಾಗುತ್ತದೆ, ನಗು ಅಂಟಿಕೊಳ್ಳುತ್ತದೆ, ಇಲ್ಲವೇ ಮುಖ ಆ ಕಡೆ ತಿರುಗುತ್ತದೆ. ಗುರಿ ಇಟ್ಟಂತೆ ಕಾಣುತ್ತದಲ್ಲ, ಅದಕ್ಕಿರಬೇಕು. ಹೊಟ್ಟೆಯ ಮುಂದೆ ಪೆಟ್ಟಿಗೆ ಹಿಡಿದು ತಲೆ ತಗ್ಗಿಸಿ ನಿಂತವಳನ್ನು ಕಂಡರೆ ಯಾರಿಗೂ ಹಾಗನ್ನಿಸುವುದಿಲ್ಲ. ಏನೋ ಕಳೆದುಕೊಂಡಿದ್ದಾಳೆ ಅಂದುಕೊಳ್ಳುತ್ತಾರೋ ಏನೋ, ಹತ್ತಿರ ಬರುತ್ತಾರೆ. ಷಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ವಿವಿಯನ್ ಮೇಯರ್ ರೋಲಿಫ್ಲೆಕ್ಸ್ ತೂಗುಹಾಕಿಕೊಂಡು ಬೀದಿ ಸುತ್ತಿ ತೆಗೆದ ಚಿತ್ರಗಳು 2007ರಲ್ಲಿ ಹರಾಜಿನಲ್ಲಿ ಹೊರಬಂದವು. ಅವನ್ನು ನೋಡುವಾಗ ನನಗೆ ಮೊದಲು ಕಾಣುವುದು ಆ ಎತ್ತರ. ಜನರನ್ನು ಸೊಂಟದ ಮಟ್ಟದಿಂದ, ಸ್ವಲ್ಪ ಕೆಳಗಿನಿಂದ ನೋಡಿದ ಚಿತ್ರಗಳವು. ಎದುರಿಗಿನವರಿಗೆ ಅಷ್ಟು ಗೌರವ ತಾನಾಗಿಯೇ ಸಿಕ್ಕಿಬಿಡುತ್ತದೆ.

120 ಫಿಲ್ಮು ಹಾಕುವ ಎಲ್ಲ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳಿಗೂ ಈ ಮಾತು ಹೊಂದುವುದಿಲ್ಲ ಬಿಡಿ. ನನ್ನ ಗೆಳತಿಯದು ಮಮಿಯಾ ಆರ್‌ಬಿ67. ಲೆನ್ಸು ಸೇರಿ ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ, ಒಳಗಿನ ಕನ್ನಡಿ ಏಳುವ ಸದ್ದಿಗೆ ಪಾರಿವಾಳಗಳು ಹಾರುತ್ತವೆ. ನೆಗೆಟಿವ್ ಮಾತ್ರ ನೋಡಿದರೆ ಹೊಟ್ಟೆ ಉರಿಯಬೇಕು, ಹಾಗಿರುತ್ತದೆ.

ಹಿರಿಯರು ಮರದ ಕೆಳಗಿನ ಬೆಂಚಿನ ಮೇಲೆ ಮಫ್ಲರ್ ಬಿಚ್ಚಿ ಕೂತಿದ್ದರು. “ನಂದೊಂದು ತೆಗಿ” ಅಂತ ಅವರೇ ಕರೆದರು. ಒಂದು ಮೀಟರ್ ದೂರದಲ್ಲಿ ಮಂಡಿಯೂರಿದೆ. ಈ ಕ್ಯಾಮೆರಾ ಅದಕ್ಕಿಂತ ಹತ್ತಿರ ಫೋಕಸ್ ಮಾಡುವುದಿಲ್ಲ. ಮರದ ನೆರಳಿನಲ್ಲಿ ಬೆಳಕು ಕಡಿಮೆ. ಅಪರ್ಚರ್ ಪೂರ್ತಿ ತೆರೆದು ಎಫ್/3.5, ವೇಗ 1/125. 80 ಎಂಎಂ ಲೆನ್ಸಿಗೆ ಇಷ್ಟು ಹತ್ತಿರದಲ್ಲಿ ಫೋಕಸ್ಸಿನ ಆಳ, ಅಂದರೆ ಹಿಂದೆ ಮುಂದೆ ಸ್ಪಷ್ಟವಾಗಿ ಬರುವ ಜಾಗ, ಐದು ಸೆಂಟಿಮೀಟರ್ ಇದ್ದರೆ ಹೆಚ್ಚು. ಹುಡ್‌ನೊಳಗಿನ ಪುಟ್ಟ ಭೂತಗನ್ನಡಿ ಎತ್ತಿ ಅವರ ಕಣ್ಣಿನ ರೆಪ್ಪೆ ಹುಡುಕಿದೆ. ಅವರು ಉಸಿರು ಎಳೆದಾಗ ರೆಪ್ಪೆ ಸ್ಪಷ್ಟವಾಗುತ್ತಿತ್ತು, ಬಿಟ್ಟಾಗ ಮಸುಕಾಗುತ್ತಿತ್ತು. ಸಾಲದ್ದಕ್ಕೆ ನಾನು ನೋಡುತ್ತಿರುವುದು ಮೇಲಿನ ಲೆನ್ಸಿನಿಂದ, ಚಿತ್ರ ಬೀಳುವುದು ಅದಕ್ಕಿಂತ ಕೆಳಗಿನದರಿಂದ. ದೂರದ ಗುಡ್ಡಕ್ಕೆ ಇದರಿಂದ ಏನೂ ಆಗುವುದಿಲ್ಲ, ಹತ್ತಿರದ ಮುಖಕ್ಕೆ ನೆತ್ತಿಯೇ ಹಾರಿಹೋಗುತ್ತದೆ. ಅದಕ್ಕೆ ತಲೆಯ ಮೇಲೆ ಧಾರಾಳವಾಗಿ ಜಾಗ ಬಿಟ್ಟುಕೊಂಡೆ.

“ಯಾವ ಕಣ್ಣು ನೋಡ್ಲಿ?”

“ಕೆಳಗಿನದು ಸಾರ್.”

“ಮತ್ತೆ ನೀನು ನೆಲ ನೋಡ್ತಾ ಕೂತಿದ್ದೀಯ. ತೆಗೀತೀಯೋ ಇಲ್ವೋ?”

ಉಸಿರು ಎಳೆದುಕೊಂಡ ಕ್ಷಣ ನೋಡಿ ಒತ್ತಿದೆ. ಲೀಫ್ ಶಟರಿನದು ಬಳೆ ತಾಗಿದಷ್ಟು ಸದ್ದು ಕೂಡ ಅಲ್ಲ. ಆಯ್ತು ಸಾರ್ ಅಂದರೆ ನಂಬಲಿಲ್ಲ. ತೋರಿಸು ಅಂತ ಕೈ ಚಾಚಿ, ಕ್ಯಾಮೆರಾ ತಿರುಗಿಸಿ, ಹಿಂದುಗಡೆ ಬರೀ ಕಪ್ಪು ಚರ್ಮ ಕಂಡು ನನ್ನ ಮುಖ ನೋಡಿದರು. ದಿನಾ ಇಲ್ಲೇ ಇರ್ತೀನಿ, ಪ್ರಿಂಟು ತಂದುಕೊಡು ಅಂತ ಆಜ್ಞೆಯಾಯಿತು.

ರಾತ್ರಿ ಫಿಲ್ಮು ತೊಳೆಯಲೆಂದು ಬಚ್ಚಲುಮನೆಯ ಬಾಗಿಲ ಸಂದಿಗೆ ಟವೆಲ್ ತುರುಕಿ, ದೀಪ ಆರಿಸಿ ಕೂತೆ. ಕತ್ತಲಲ್ಲಿ ಕಾಗದ ಬಿಚ್ಚುತ್ತಾ ಹೋದರೆ ಒಂದು ಹಂತದಲ್ಲಿ ಬೆರಳಿಗೆ ಫಿಲ್ಮಿನ ಅಂಚು ಸಿಗುತ್ತದೆ. ಕೊನೆಯಲ್ಲಿ ತೆಗೆದ ಚಿತ್ರ ಮೊದಲು ಬರುತ್ತದೆ. ಮೊದಲಿನ ಚಿತ್ರದ ಕಡೆಯ ತುದಿಯನ್ನು ಕಾಗದಕ್ಕೆ ಟೇಪಿನಿಂದ ಅಂಟಿಸಿರುತ್ತಾರೆ. ಆ ಟೇಪನ್ನು ಜೋರಾಗಿ ಎಳೆದರೆ ಕಗ್ಗತ್ತಲಲ್ಲಿ ತೆಳ್ಳನೆಯ ನೀಲಿ ಬೆಳಕೊಂದು ಸರ್ರನೆ ಹರಿಯುತ್ತದೆ. ಮೊದಲ ಸಲ ಕಂಡಾಗ ಎದೆ ಧಸಕ್ಕೆಂದಿತ್ತು. ಈಗ ಮೆಲ್ಲಗೆ ಬಿಡಿಸಿ, ಅದೇ ಟೇಪನ್ನು ಫಿಲ್ಮಿನ ತುದಿಗೆ ಮಡಚಿ ಅಂಟಿಸುತ್ತೇನೆ. ತುದಿ ಗಟ್ಟಿಯಾಗಿ, ತೊಳೆಯುವ ಡಬ್ಬಿಯ ರೀಲಿನೊಳಗೆ ಸಲೀಸಾಗಿ ಹೋಗುತ್ತದೆ. ಆಮೇಲಿನದು ಅಡ್ಡಿಯಿಲ್ಲದ ಕೆಲಸ. ಎಚ್‌ಪಿ5 ಫಿಲ್ಮು, ಚಿತ್ರ ಮೂಡಿಸುವ ಡಿ-76 ಡೆವಲಪರು, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ, ಮೂಡಿದ್ದನ್ನು ಉಳಿಸುವ ಫಿಕ್ಸರು, ನೀರು.

ಬಾಯಲ್ಲಿ ಎಣಿಸಿದ ಸೇತುವೆ ಚೆನ್ನಾಗಿ ಬಂದಿತ್ತು. ಶಟರು ಸಿಕ್ಕಿಕೊಂಡಿದ್ದು ಬೆಳಕು ಹೆಚ್ಚಾಗಿ ನೆಗೆಟಿವ್‌ನಲ್ಲಿ ಬರೀ ಕಪ್ಪು. ಸೈಕಲ್ ಹುಡುಗನ ಹಿಂದಿನ ಚಕ್ರ ಮಾತ್ರ ಸಿಕ್ಕಿದೆ. ತಂಗಿ ಚೌಕದ ಅಂಚಿನಿಂದ ಅರ್ಧ ಹೊರಗಿದ್ದಾಳೆ, ಅಕ್ಕನ ಕಡೆ ಕೈ ಎತ್ತಿ ಬೈಯುತ್ತಿದ್ದಾಳೆ. ಆ ರೋಲಿನಲ್ಲಿ ನನಗೆ ಅದೇ ಹೆಚ್ಚು ಇಷ್ಟ. ಹಿರಿಯರು ಕೆಳಗಿನ ಲೆನ್ಸು ನೋಡಿರಲಿಲ್ಲ, ಮೇಲಿನದನ್ನೇ ನೋಡಿದ್ದರು. ಹಾಗಾಗಿ ಚಿತ್ರ ನೋಡುವವರ ಹಣೆಯನ್ನು ದಿಟ್ಟಿಸುತ್ತಿರುವಂತಿದೆ. ರೆಪ್ಪೆಯ ಕೂದಲು ಎಣಿಸಬಹುದು.

ಎಂಟಿಂಚಿನ ಚೌಕದ ಪ್ರಿಂಟು ಮಾಡಿಸಿ ಒಯ್ದುಕೊಟ್ಟೆ. ಕನ್ನಡಕ ಏರಿಸಿ, ಇಳಿಸಿ, ದೂರ ಹಿಡಿದು ನೋಡಿದರು.

“ಕಿವಿ ಯಾಕೆ ಹೀಗೆ ಮಸುಕಾಗಿದೆ?”

ಫೋಕಸ್ಸಿನ ಆಳ, ಅಪರ್ಚರ್, ಎಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿ, “ಅದೆಲ್ಲ ಸರಿ, ಇನ್ನೊಂದು ತೆಗಿ. ಕಿವಿನೂ ಬರ್ಲಿ” ಅಂದರು. ಅರ್ಧ ಮೀಟರ್ ಹಿಂದೆ ಸರಿದೆ. ಎಫ್/8ಕ್ಕೆ ಇಳಿಸಿದರೆ ಆ ನೆರಳಿನಲ್ಲಿ ಶಟರು 1/30ರ ಹತ್ತಿರ ಬರುತ್ತದೆ, ಅಂಟು ಎಣ್ಣೆಯ ಹಲ್ಲುಚಕ್ರಗಳು ಕಾದು ಕೂತಿರುವ ಕಡೆಗೇ. ಅಲ್ಲಾಡಬೇಡಿ ಸಾರ್ ಅಂತ ಹೇಳಿ ಟ್ರೈಪಾಡ್ ಬಿಚ್ಚತೊಡಗಿದೆ. ಅವರು ಕಿವಿಯ ಹಿಂದಿನ ಕೂದಲು ಸರಿಮಾಡಿಕೊಂಡರು.